ಕೊನೊಸುಕೆ ಮತ್ಸುಶಿತ: ಹೆಸರು ಕಟ್ಟಿದ ವ್ಯಾಪಾರಿ

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ನಮ್ಮ ಕಾಸರಗೋಡು, ಕುಂಬಳೆ, ಮಂಜೇಶ್ವರಗಳ ಕಡೆ ಬೆಳೆದವರಿಗೆ ‘ನ್ಯಾಷನಲ್ ಪ್ಯಾನಸೋನಿಕ್’ ಎಂಬ ಹೆಸರನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಯಲ್ಲಿ ಊರಿಗೆ ಬಂದಾಗ ಅವರ ಪೆಟ್ಟಿಗೆಗಳ ಜತೆಗೆ ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಕೂಡಿದ ‘ಟೂ ಇನ್ ವನ್’ ಒಂದು ಬಂದೇ ಬರುತ್ತಿತ್ತು. ತಾಳಮದ್ದಳೆಯ ಅರ್ಥಗಾರಿಕೆಯನ್ನು ಕ್ಯಾಸೆಟ್ಟಿನಲ್ಲಿ ಹಿಡಿದು ಮಳೆಗಾಲದ ರಾತ್ರಿಗಳಲ್ಲಿ ಮತ್ತೆ ಮತ್ತೆ ಕೇಳಿದ್ದು ಅದರಲ್ಲೇ. ಮಲಯಾಳದ ಸಿನಿಮಾ ಹಾಡು ಕೇಳಿದ್ದೂ ಅದರಲ್ಲೇ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ಆಗ ಯೋಚಿಸಿದವರು ಕಡಿಮೆ. ಆತನೇ ಜಪಾನಿನ ಕೊನೊಸುಕೆ ಮತ್ಸುಶಿತ.

ಅವರ ಜೀವನವನ್ನು ಈ ಸಂಚಿಕೆಗೆ ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವೂ ಉಂಟು. ಅವರ ಸಂಸ್ಥೆ ಬೆಲೆಬಾಳುವ ಸಂಗೀತಯಂತ್ರಗಳಿಗೆ ‘ಟೆಕ್ನಿಕ್ಸ್’ ಎಂಬ ಬೇರೆ ಹೆಸರನ್ನಿಟ್ಟಿತ್ತು. 2010ರಲ್ಲಿ ಆ ಹೆಸರಿನ ಪ್ರಸಿದ್ಧ ಯಂತ್ರದ ತಯಾರಿಕೆ ನಿಂತುಹೋಯಿತು. 2014ರಲ್ಲಿ ಅದೇ ಹೆಸರು ಮತ್ತೆ ಪೇಟೆಗೆ ಬಂದಿತು. ನಿಂತುಹೋದ ಹೆಸರಿಗೆ ಜೀವ ಬರುವುದೆಂದರೇನು? ಬರಿಯ ಅಕ್ಷರಗಳನ್ನು ಮತ್ತೆ ಅಚ್ಚು ಹಾಕಿದರೆ ಸಾಕೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಹೆಸರಿನ ಮೂಲಪುರುಷನ ಕಡೆಗೆ ಹೋಗೋಣ.

ಜಪಾನಿನ ವಕಯಾಮ ಪ್ರಾಂತದ ವಾಸಾ ಎಂಬ ಹಳ್ಳಿಯಲ್ಲಿ 1894ನೆಯ ಇಸವಿ ನವೆಂಬರ್ 27ರಂದು ಕೊನೊಸುಕೆಯ ಜನನವಾಯಿತು. ಎಂಟು ಮಕ್ಕಳಲ್ಲಿ ಅವನೇ ಕಡೆಯವನು. ಮತ್ಸುಶಿತ ಎಂದರೆ ಪೈನ್ ಮರದ ಕೆಳಗಿನವರು ಎಂದರ್ಥ. ಮನೆಯ ಬಳಿಯಿದ್ದ ದೊಡ್ಡ ಮರದಿಂದ ಆ ಮನೆತನದ ಹೆಸರು ಬಂದಿತೆನ್ನುತ್ತಾರೆ. ತಂದೆ ಮಸಕುಸು ಊರಿನಲ್ಲಿ ಅನುಕೂಲಸ್ಥ ಭೂಮಾಲಿಕರು. ಆದರೆ ಅಕ್ಕಿಯ ಸಟ್ಟಾ ವ್ಯಾಪಾರಕ್ಕೆ ಕೈಹಾಕಿ ಗದ್ದೆ, ಮನೆ ಎಲ್ಲವನ್ನೂ ಕಳೆದುಕೊಂಡರು. ಕುಟುಂಬ ವಕಯಾಮ ಪಟ್ಟಣಕ್ಕೆ ಬಂದು ಮರದ ಪಾದುಕೆಗಳ ಅಂಗಡಿಯಿಟ್ಟಿತು, ಅದೂ ಮುಳುಗಿತು. ಸಾಲದೆಂಬಂತೆ ಒಂದೆರಡು ವರ್ಷಗಳ ಅಂತರದಲ್ಲಿ ಇಬ್ಬರು ಅಣ್ಣಂದಿರು, ಒಬ್ಬ ಅಕ್ಕ ರೋಗಕ್ಕೆ ತುತ್ತಾದರು.

1904ರ ನವೆಂಬರಿನಲ್ಲಿ, ನಾಲ್ಕನೆಯ ತರಗತಿಯನ್ನು ಪೂರ್ತಿ ಮಾಡುವ ಮೊದಲೇ, ಹುಡುಗನನ್ನು ಒಸಾಕಾ ನಗರಕ್ಕೆ ಕೆಲಸಕ್ಕೆ ಕಳುಹಿಸಿದರು. ತಾಯಿ ರೈಲುನಿಲ್ದಾಣದವರೆಗೆ ಬಂದು ಬೀಳ್ಕೊಟ್ಟಳು. ಒಂಬತ್ತು ವರ್ಷದ ಮಗು. ಅವನಿಗೆ ಸಿಕ್ಕಿದ ಕೆಲಸ ಇದ್ದಿಲಿನ ಅಗ್ಗಿಷ್ಟಿಕೆಗಳನ್ನು ತಿಕ್ಕಿ ಹೊಳಪು ಕೊಡುವುದು, ಯಜಮಾನರ ಮಗುವನ್ನು ಎತ್ತಿ ಆಡಿಸುವುದು. ಕೈ ಒಡೆದು ಉರಿಯುತ್ತಿತ್ತು. ರಾತ್ರಿ ತಾಯಿಯನ್ನು ನೆನೆದು ಅಳುತ್ತಿದ್ದ. ಹದಿನೈದು ದಿನ ಕಳೆದು ಯಜಮಾನರು ಐದು ಸೆನ್ನಿನ ಬಿಳಿಯ ನಾಣ್ಯವೊಂದನ್ನು ಕೈಗಿಟ್ಟಾಗ, ಅಷ್ಟು ದೊಡ್ಡ ನಾಣ್ಯವನ್ನು ಹಿಂದೆಂದೂ ಹಿಡಿದಿರದ ಹುಡುಗನ ಅಳು ನಿಂತಿತಂತೆ. ಹೊಗಳಿಕೆಯ ಮಾತಿಗಿಂತ ಈ ಪುಟ್ಟ ಸಂಗತಿಯೇ ಅವನ ಬಾಲ್ಯವನ್ನು ನಮಗೆ ಚೆನ್ನಾಗಿ ತಿಳಿಸುತ್ತದೆ.

ಮೂರು ತಿಂಗಳಿಗೆ ಆ ಅಂಗಡಿ ಮುಚ್ಚಿತು. ಮುಂದೆ ಐದು ವರ್ಷ ಗೊದೈ ಎಂಬವರ ಸೈಕಲ್ ಅಂಗಡಿ. ಆಗ ಸೈಕಲ್ಲೆಂದರೆ ಶ್ರೀಮಂತರ ವಸ್ತು. ಕಬ್ಬಿಣವನ್ನು ಅರೆಯುವುದು, ಲೇತ್ ತಿರುಗಿಸುವುದು, ಗಿರಾಕಿಗಳೊಡನೆ ಮಾತಾಡುವುದು ಎಲ್ಲವನ್ನೂ ಅವನು ಇಲ್ಲಿ ಕಲಿತ. ಗಿರಾಕಿಗಳು ಮೇಲಿಂದ ಮೇಲೆ ಸಿಗರೇಟು ತರಲು ಅಟ್ಟುತ್ತಿದ್ದರು. ಪ್ರತಿಸಲ ಕೈತೊಳೆದು ಓಡುವುದೇಕೆಂದು ಅವನು ಒಮ್ಮೆಗೇ ಇಪ್ಪತ್ತು ಪೊಟ್ಟಣ ತಂದಿಟ್ಟುಕೊಂಡ. ಇಪ್ಪತ್ತು ಕೊಂಡರೆ ಒಂದು ಪೊಟ್ಟಣ ಪುಕ್ಕಟೆ. ಗಿರಾಕಿಗೂ ಬೇಗ ಸಿಕ್ಕಿತು, ಇವನಿಗೂ ನಾಲ್ಕು ಕಾಸು ಉಳಿಯಿತು. ಆದರೆ ಜತೆಯ ಹುಡುಗರು ಮುಖ ಗಂಟಿಕ್ಕಿದರು. ಯಜಮಾನರು ಅದನ್ನು ನಿಲ್ಲಿಸಲು ಹೇಳಿದರು. ಲಾಭ ಒಬ್ಬನಿಗೇ ಹೋದರೆ ಅದು ಬಹುಕಾಲ ನಿಲ್ಲದು ಎಂಬುದನ್ನು ಅವನು ಅಂದೇ ಕಲಿತನೆಂದು ತೋರುತ್ತದೆ.

ಈ ನಡುವೆ ಒಂದು ಸರಕಾರಿ ಕಛೇರಿಯಲ್ಲಿ ಜವಾನನ ಕೆಲಸ ಸಿಗುವಂತಿತ್ತು. ಹಗಲು ಕೆಲಸ ಮಾಡಿ ರಾತ್ರಿ ಶಾಲೆಗೆ ಹೋಗಬಹುದು, ಮಗ ಹತ್ತಿರವೂ ಇರುತ್ತಾನೆ ಎಂದು ತಾಯಿ ಆಸೆಪಟ್ಟಳು. ತಂದೆ ಒಪ್ಪಲಿಲ್ಲ, ವ್ಯಾಪಾರ ಕಲಿತವನು ಮುಂದೆ ಓದಿದವರನ್ನೂ ಕೆಲಸಕ್ಕಿಟ್ಟುಕೊಳ್ಳಬಲ್ಲನೆಂಬುದು ಅವರ ನಂಬಿಕೆ. ಉಪಾಧ್ಯಾಯರಾದ ನಾವು ಇದನ್ನು ಮಕ್ಕಳ ಮುಂದೆ ಹೇಳಬಾರದೇನೋ! ಆದರೆ ಸಂಗತಿ ಇದ್ದಂತೆ ಹೇಳಬೇಕು. ಓದು ತಪ್ಪಿದ ಕೊರಗು ಕೊನೊಸುಕೆಯವರಿಗೆ ಕಡೆಯವರೆಗೂ ಇತ್ತು. ತನಗೆ ತಿಳಿಯದ್ದನ್ನು ಯಾರಲ್ಲಾದರೂ ಕೇಳುವ ಅಭ್ಯಾಸವೂ ಅದರಿಂದಲೇ ಬಂದಿತು. ಮರುವರ್ಷವೇ, 1906ರಲ್ಲಿ, ತಂದೆ ತೀರಿಕೊಂಡರು. ಹನ್ನೊಂದು ವರ್ಷದ ಬಾಲಕ ಮನೆಯ ಯಜಮಾನನಾದ.

ಒಸಾಕಾದ ಬೀದಿಗಳಲ್ಲಿ ವಿದ್ಯುತ್ ಟ್ರಾಮುಗಳು ಓಡತೊಡಗಿದ್ದವು. ಮುಂದಿನ ಕಾಲ ವಿದ್ಯುತ್ತಿನದೆಂದು ಹುಡುಗನಿಗೆ ಹೊಳೆಯಿತು. ಮಗನಂತೆ ಸಾಕಿದ ಯಜಮಾನರ ಮುಂದೆ ಬಿಟ್ಟುಹೋಗುತ್ತೇನೆಂದು ಹೇಳಲು ನಾಲಗೆ ಏಳಲಿಲ್ಲ. ತಾಯಿಗೆ ಕಾಯಿಲೆಯೆಂದು ತನಗೇ ಒಂದು ತಂತಿ ಬರುವಂತೆ ಮಾಡಿಕೊಂಡು ಹೊರಟುಹೋದ. ಆಮೇಲೆ ಪತ್ರ ಬರೆದು ಕ್ಷಮೆ ಬೇಡಿದ. ಸ್ವಲ್ಪ ಕಾಲ ಸಿಮೆಂಟು ಕಂಪೆನಿಯೊಂದರಲ್ಲಿ ಮೂಟೆ ತಳ್ಳಿ, 1910ರಲ್ಲಿ ಒಸಾಕಾ ವಿದ್ಯುದ್ದೀಪ ಕಂಪೆನಿಯಲ್ಲಿ ತಂತಿ ಎಳೆಯುವವರ ಸಹಾಯಕನಾಗಿ ಸೇರಿದ. 1915ರಲ್ಲಿ ಮುಮೆನೊ ಎಂಬ ಕನ್ಯೆಯೊಡನೆ ವಿವಾಹವಾಯಿತು. 22ನೆಯ ವಯಸ್ಸಿಗೆ ತನಿಖಾಧಿಕಾರಿಯ ಪದವಿ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಬೇರೆ ಯಾರಿಗೂ ಅದು ಸಿಕ್ಕಿರಲಿಲ್ಲ. ಅರ್ಧ ದಿನದ ಕೆಲಸ, ಒಳ್ಳೆಯ ಸಂಬಳ. ಆದರೆ ಬಿಡುವಿನಲ್ಲಿ ತಾನೇ ಯೋಚಿಸಿ ಮಾಡಿದ ದೀಪದ ಸಾಕೆಟ್ಟನ್ನು ಮೇಲಧಿಕಾರಿ ನೋಡಿ ಪ್ರಯೋಜನವಿಲ್ಲವೆಂದುಬಿಟ್ಟರು. 1917ರಲ್ಲಿ ಮತ್ಸುಶಿತರು ರಾಜೀನಾಮೆ ಕೊಟ್ಟರು.

ಕೈಯಲ್ಲಿದ್ದುದು ಸುಮಾರು ನೂರು ಯೆನ್. ಬಾಡಿಗೆಯ ಎರಡು ಕೋಣೆಗಳ ಗುಡಿಸಲಿನಂಥ ಮನೆ. ಅದರಲ್ಲಿ ಒಂದರ ನೆಲ ಅಗೆದು ಕಾರ್ಖಾನೆ ಮಾಡಿದರು. ಹೆಂಡತಿ, ಹೆಂಡತಿಯ ತಮ್ಮ ತೊಶಿಯೊ ಇಯುಎ ಎಂಬ 14 ವರ್ಷದ ಹುಡುಗ, ಹಳೆಯ ಕಂಪೆನಿಯ ಇಬ್ಬರು ಗೆಳೆಯರು – ಇಷ್ಟೇ ಬಲ. ಸಾಕೆಟ್ಟುಗಳನ್ನು ಹೊತ್ತು ಒಸಾಕಾವನ್ನೆಲ್ಲ ಸುತ್ತಿದರೂ ನೂರರಷ್ಟು ಮಾತ್ರ ಹೋದವು. ಗೆಳೆಯರಿಬ್ಬರೂ ಹೊಟ್ಟೆಪಾಡಿಗೆ ಬೇರೆ ದಾರಿ ಹಿಡಿದರು. ಮುಮೆನೊ ತನ್ನ ಕಿಮೊನೊಗಳನ್ನು ಒಂದೊಂದಾಗಿ ಗಿರವಿ ಇಟ್ಟು ಅಡುಗೆ ನಡೆಸಿದಳು. ಈ ಮಹಾತಾಯಿಯ ಹೆಸರು ಮತ್ಸುಶಿತರ ಚರಿತ್ರೆಗಳಲ್ಲಿ ಎರಡು ಸಾಲಿಗಿಂತ ಹೆಚ್ಚು ಬರುವುದಿಲ್ಲ. ಆಕೆ ಗಟ್ಟಿಯಾಗಿ ನಿಲ್ಲದಿದ್ದರೆ ಚರಿತ್ರೆಯೇ ಇರುತ್ತಿರಲಿಲ್ಲವೆಂದು ನಾವು ಹೇಳುತ್ತೇವೆ.

ವರ್ಷದ ಕಡೆಯಲ್ಲಿ ಅನಿರೀಕ್ಷಿತವಾಗಿ ವಿದ್ಯುತ್ ಪಂಖಗಳಿಗೆ ಬೇಕಾದ ಸಾವಿರ ಬಿಲ್ಲೆಗಳ ಬೇಡಿಕೆ ಬಂದಿತು. ವಿದ್ಯುತ್ತು ಹರಿಯದಂತೆ ತಡೆಯುವ ಬಿಲ್ಲೆಗಳವು. ಹಗಲಿರುಳು ದುಡಿದು ಮುಗಿಸಿದರು. ಆ ಹಣದಿಂದ 1918ರ ಮಾರ್ಚ್ 7ರಂದು ಬೇರೆ ಮನೆಯಲ್ಲಿ ಕಾರ್ಖಾನೆ ಆರಂಭವಾಯಿತು. ಇಂದಿನ ಪ್ಯಾನಸೋನಿಕ್ ಸಂಸ್ಥೆಯ ಹುಟ್ಟುಹಬ್ಬ ಅದೇ. ಸುಟ್ಟುಹೋದ ಬಲ್ಬುಗಳ ಲೋಹದ ತೊಟ್ಟನ್ನು ಬಳಸಿ ಮಾಡಿದ ಪ್ಲಗ್ಗು ಪೇಟೆಯ ದರಕ್ಕಿಂತ ಶೇಕಡಾ 30ರಷ್ಟು ಅಗ್ಗವಾಗಿತ್ತು; ಜನ ಕೊಂಡರು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ಬಿಲ್ಲೆ, ಪ್ಲಗ್ಗುಗಳ ಪಾಕದ ಗುಟ್ಟನ್ನು ಬೇರೆ ಕಾರ್ಖಾನೆಯವರು ಮನೆಮಂದಿಯನ್ನು ಬಿಟ್ಟು ಯಾರಿಗೂ ತಿಳಿಸುತ್ತಿರಲಿಲ್ಲ. ಮತ್ಸುಶಿತರು ನಿನ್ನೆ ಮೊನ್ನೆ ಸೇರಿದ ಕೆಲಸಗಾರನಿಗೂ ಹೇಳಿಕೊಡುತ್ತಿದ್ದರು. ಇದು ಅಪಾಯವೆಂದು ಇತರರು ಎಚ್ಚರಿಸಿದರು. ಗುಟ್ಟು ಕಾಯುವುದಕ್ಕಿಂತ ಮನುಷ್ಯನನ್ನು ನಂಬುವುದು ಸುಲಭ ಎಂಬುದು ಅವರ ಲೆಕ್ಕ.

1923ರಲ್ಲಿ ಅವರು ಸೈಕಲ್ಲಿನ ಬ್ಯಾಟರಿ ದೀಪವೊಂದನ್ನು ಮಾಡಿದರು. ಆಗಿನ ಬ್ಯಾಟರಿ ದೀಪಗಳು ಎರಡು ಮೂರು ಗಂಟೆ ಉರಿದು ಆರುತ್ತಿದ್ದವು. ಇವರ ದೀಪ 30ರಿಂದ 50 ಗಂಟೆ ಉರಿಯಿತು. ಆದರೆ ಕೆಟ್ಟ ದೀಪಗಳಿಂದ ಕೈಸುಟ್ಟುಕೊಂಡಿದ್ದ ಅಂಗಡಿಯವರು ಇದನ್ನು ನಂಬಬೇಕಲ್ಲ! ಆಗ ಮತ್ಸುಶಿತರು ಅಂಗಡಿ ಅಂಗಡಿಗೆ ಎರಡು ಮೂರು ದೀಪಗಳನ್ನು ಸುಮ್ಮನೆ ಕೊಟ್ಟು, ಒಂದನ್ನು ಅಲ್ಲೇ ಹೊತ್ತಿಸಿಡಿಸಿದರು. ಎಷ್ಟು ಹೊತ್ತು ಉರಿಯುತ್ತದೆ ನೋಡಿಕೊಳ್ಳಿ, ಆಮೇಲೆ ಹಣ ಕೊಡಿ ಎಂಬ ವ್ಯವಸ್ಥೆ. ದೀಪ ತಾನೇ ತನ್ನ ಪರವಾಗಿ ಸಾಕ್ಷಿ ನುಡಿಯಿತು.

‘ನ್ಯಾಷನಲ್’ ಎಂಬ ಹೆಸರು ಬಂದುದು ಇದರ ಬೆನ್ನಿಗೇ. ಪತ್ರಿಕೆಯೊಂದರಲ್ಲಿ ‘ಇಂಟರ್‌ನ್ಯಾಷನಲ್’ ಎಂಬ ಶಬ್ದ ಅವರ ಕಣ್ಣಿಗೆ ಬಿದ್ದಿತು. ಇಂಗ್ಲಿಷ್ ಬಾರದವರು, ನಿಘಂಟು ತೆಗೆಸಿ ನೋಡಿದರೆ ಅದರ ಹಿಂದುಗಡೆಯ ‘ನ್ಯಾಷನಲ್’ ಎಂಬುದಕ್ಕೆ ರಾಷ್ಟ್ರದ್ದು, ಜನತೆಯದು ಎಂಬ ಅರ್ಥ ಕಂಡಿತು. ಅದೇ ಸಾಕೆಂದರು. 1927ರ ಚೌಕಾಕಾರದ ಹೊಸ ದೀಪ ಆ ಹೆಸರು ಹೊತ್ತ ಮೊದಲ ಸರಕು. ಇದರ ಪ್ರಚಾರಕ್ಕೆ 10,000 ದೀಪಗಳನ್ನು ಪುಕ್ಕಟೆ ಹಂಚುವ ಧೈರ್ಯ ಮಾಡಿದರು. ಅದೇ ವರ್ಷ ಅವರ ಒಬ್ಬನೇ ಮಗ, ಇನ್ನೂ ಹಸುಗೂಸು, ತೀರಿಹೋಯಿತು. ಹೆಸರು ಬೆಳೆಯುತ್ತಿದ್ದ ದಿನಗಳಲ್ಲಿ ಮನೆಯೊಳಗೆ ಈ ದುಃಖವಿತ್ತು.

ಇನ್ನು ಬರುವುದು ನಮ್ಮ ಮಟ್ಟಿಗೆ ಅವರ ಜೀವನದ ಅತಿ ಮುಖ್ಯ ಘಟ್ಟ. 1929ರಲ್ಲಿ ಜಗತ್ತಿನ ಮೇಲೆ ಆರ್ಥಿಕ ಮುಗ್ಗಟ್ಟು ಬಂದೆರಗಿತು. ಡಿಸೆಂಬರಿನ ಹೊತ್ತಿಗೆ ಅವರ ಮಾರಾಟ ಅರ್ಧಕ್ಕೆ ಇಳಿದು ಗೋದಾಮುಗಳಲ್ಲಿ ಸರಕು ತುಂಬಿಹೋಯಿತು. ಮತ್ಸುಶಿತರು ಮೊದಲಿನಿಂದಲೂ ಎದೆಯ ರೋಗದವರು, ಹಾಸಿಗೆ ಹಿಡಿದಿದ್ದರು. ಜಪಾನಿನ ಎಲ್ಲ ಕಾರ್ಖಾನೆಗಳೂ ಆಳುಗಳನ್ನು ಮನೆಗೆ ಕಳುಹಿಸುತ್ತಿದ್ದವು. ಭಾವಮೈದುನ ಇಯುಎ ಮತ್ತು ಇನ್ನೊಬ್ಬ ಅಧಿಕಾರಿ ಹಾಸಿಗೆಯ ಬಳಿಗೆ ಬಂದು ಅರ್ಧ ಜನರನ್ನು ತೆಗೆಯದೆ ಉಪಾಯವಿಲ್ಲವೆಂದರು. ಮತ್ಸುಶಿತರ ತೀರ್ಮಾನ ಬೇರೆಯಾಗಿತ್ತು. ಉತ್ಪಾದನೆಯನ್ನು ಇಂದಿನಿಂದಲೇ ಅರ್ಧಕ್ಕಿಳಿಸುವುದು, ಕೆಲಸವೂ ಅರ್ಧ ದಿನ ಮಾತ್ರ, ಒಬ್ಬನನ್ನೂ ತೆಗೆಯುವಂತಿಲ್ಲ, ಸಂಬಳದಲ್ಲಿ ಒಂದು ಕಾಸೂ ಕಡಿಯುವಂತಿಲ್ಲ. ಬದಲಾಗಿ ಎಲ್ಲರೂ ರಜೆಯನ್ನು ಬಿಟ್ಟು ಇದ್ದ ಸರಕನ್ನು ಮಾರಲು ಶ್ರಮಿಸಬೇಕು. ಸುದ್ದಿ ಕೇಳಿದ ಕೆಲಸಗಾರರು ಕೈಚೀಲಗಳಲ್ಲಿ ದೀಪ, ಸಾಕೆಟ್ಟುಗಳನ್ನು ತುಂಬಿಕೊಂಡು ಊರೂರಿಗೆ ಹೋದರು. ಎರಡೇ ತಿಂಗಳಲ್ಲಿ, 1930ರ ಫೆಬ್ರವರಿಯೊಳಗೆ, ಗೋದಾಮು ಬರಿದಾಯಿತು. ಕಾರ್ಖಾನೆ ಮತ್ತೆ ಇಡೀ ದಿನ ನಡೆಯಿತು.

ಇದನ್ನು ದಯೆಯೆಂದು ಮಾತ್ರ ತಿಳಿಯಬಾರದು. ನುರಿತ ಕೈ ಒಮ್ಮೆ ಚದುರಿದರೆ ಮತ್ತೆ ಕೂಡಿಸುವುದು ಕಷ್ಟವೆಂಬ ವ್ಯಾಪಾರದ ತಿಳಿವೂ ಇದರಲ್ಲಿತ್ತು. ಈ ಮಾತನ್ನು ಮುಂದೆ ಇನ್ನೊಮ್ಮೆ ನೆನೆಯಬೇಕಾದೀತು.

ಆಮೇಲೆ ರೇಡಿಯೋ. 1930ರಲ್ಲಿ ಬೇರೊಬ್ಬರ ಕಾರ್ಖಾನೆ ಸೇರಿಸಿಕೊಂಡು ಮಾರಿದ ರೇಡಿಯೋಗಳು ಕೆಟ್ಟು ರಾಶಿ ರಾಶಿಯಾಗಿ ಹಿಂದೆ ಬಂದವು. ಮತ್ಸುಶಿತರು ತಮ್ಮವರಿಂದಲೇ ಹೊಸದಾಗಿ ಮಾಡಿಸಿದರು. 1931ರಲ್ಲಿ ಜಪಾನಿನ ಆಕಾಶವಾಣಿ ನಡೆಸಿದ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿತು. ಮರುವರ್ಷ ಇನ್ನೂ ದೊಡ್ಡ ಕೆಲಸ ಮಾಡಿದರು. ರೇಡಿಯೋದ ಒಂದು ಮುಖ್ಯ ಪೇಟೆಂಟು ಒಬ್ಬ ಸಂಶೋಧಕನ ಕೈಯಲ್ಲಿದ್ದು ಎಲ್ಲ ತಯಾರಕರಿಗೂ ತೊಡಕಾಗಿತ್ತು. ಅದನ್ನು 25,000 ಯೆನ್ ಕೊಟ್ಟು ಕೊಂಡು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದೆಂದು ಸಾರಿದರು. ಪ್ರತಿಸ್ಪರ್ಧಿಗಳೂ ಅದರಿಂದ ಉದ್ಧಾರವಾದರು.

ಅದೇ 1932ರಲ್ಲಿ ಅವರು ತಮ್ಮ ಉದ್ದೇಶವನ್ನು ಕೆಲಸಗಾರರ ಸಭೆಯಲ್ಲಿ ವಿವರಿಸಿದರು. ಬಿಸಿಲಿನಲ್ಲಿ ದಾರಿಹೋಕನೊಬ್ಬ ಯಾರದೋ ಮನೆಯ ಮುಂದಿನ ನಲ್ಲಿ ತಿರುಗಿಸಿ ನೀರು ಕುಡಿದುದನ್ನು ಅವರು ಕಂಡಿದ್ದರು. ನೀರಿಗೆ ಬೆಲೆಯುಂಟು, ಆದರೂ ಅದು ಹೇರಳವಾಗಿರುವುದರಿಂದ ಯಾರೂ ಅವನನ್ನು ಕಳ್ಳನೆನ್ನಲಿಲ್ಲ. ಬಳಕೆಯ ವಸ್ತುಗಳನ್ನೆಲ್ಲ ಹಾಗೆ ನಲ್ಲಿನೀರಿನಷ್ಟು ಸುಲಭಗೊಳಿಸುವುದೇ ತಯಾರಕನ ಧರ್ಮವೆಂದು ಅವರ ವಿಚಾರ.

ಯುದ್ಧದ ಕಾಲದಲ್ಲಿ ಸರಕಾರದ ಒತ್ತಾಯಕ್ಕೆ ಮರದ ಹಡಗು, ಮರದ ವಿಮಾನ ಕಟ್ಟುವ ಕೆಲಸಕ್ಕೂ ಅವರ ಸಂಸ್ಥೆ ಇಳಿಯಿತು. ಸೋಲಿನ ನಂತರ ಅಮೆರಿಕದ ಆಡಳಿತ ಅವರ ಆಸ್ತಿಗೆ ನಿರ್ಬಂಧ ಹಾಕಿ, ಸ್ಥಾನದಿಂದ ತೆಗೆಯಲು ಆಜ್ಞೆ ಮಾಡಿತು. ಬೇರೆ ಕಡೆಗಳಲ್ಲಿ ಯಜಮಾನರನ್ನು ಓಡಿಸಲು ಕಾರ್ಮಿಕ ಸಂಘಗಳು ಕೂಗುತ್ತಿದ್ದ ಕಾಲ ಅದು. ಇಲ್ಲಿ ಕಾರ್ಮಿಕ ಸಂಘವೇ ಸಾವಿರಾರು ಸಹಿ ಕೂಡಿಸಿ ಅವರನ್ನು ಉಳಿಸಬೇಕೆಂದು ಕೇಳಿಕೊಂಡಿತು. 1947ರಲ್ಲಿ ಆಜ್ಞೆ ರದ್ದಾಯಿತು. ಅದೇ ವರ್ಷ ಇಯುಎ ಬೇರೆಯಾಗಿ ‘ಸ್ಯಾನ್ಯೊ’ ಸಂಸ್ಥೆಯನ್ನು ಕಟ್ಟಿದರು. ಸಾಲ, ತೆರಿಗೆಬಾಕಿಗಳ ಕೆಳಗೆ ಮತ್ಸುಶಿತರು ಕುಸಿದಿದ್ದರು. 1950ರಲ್ಲಿ ಕೆಲವು ಕೆಲಸಗಾರರನ್ನು ಬಿಡಬೇಕಾಗಿಯೂ ಬಂದಿತು. 1929ರ ವ್ರತ ಆಗ ಮುರಿಯಿತೆಂಬುದನ್ನು ಮರೆಮಾಚಬೇಕಾಗಿಲ್ಲ.

ಈಗ ನಾಯಿಯ ಕಥೆ! ಗ್ರಾಮಫೋನಿನ ಕೊಳವೆಯ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವನ್ನು ಹಳೆಯ ತಟ್ಟೆಗಳ ಮೇಲೆ ಹಿರಿಯರು ನೋಡಿಯೇ ಇರುತ್ತಾರೆ. ನಮ್ಮ ದೇಶದಲ್ಲಿ ಅದು ಎಚ್.ಎಂ.ವಿ.ಯ ಗುರುತು, ಜಪಾನಿನಲ್ಲಿ ‘ವಿಕ್ಟರ್’ ಕಂಪೆನಿಯ ಗುರುತು. 1927ರಲ್ಲಿ ಅಮೆರಿಕದವರು ಯೊಕೊಹಾಮದಲ್ಲಿ ಹುಟ್ಟುಹಾಕಿದ ಈ ಕಂಪೆನಿಯ ಕಾರ್ಖಾನೆ ಯುದ್ಧದಲ್ಲಿ ಸುಟ್ಟುಹೋಗಿತ್ತು. ಸಾಲ ತಲೆಯ ಮೇಲಿತ್ತು. 1954ರಲ್ಲಿ ಮತ್ಸುಶಿತರು ಅದನ್ನು ತಮ್ಮ ಕೈಗೆ ತೆಗೆದುಕೊಂಡರು. ಬೇರೆಯವರಾಗಿದ್ದರೆ ಹೆಸರನ್ನಿಟ್ಟುಕೊಂಡು ಕಂಪೆನಿಯನ್ನು ತಮ್ಮದರಲ್ಲಿ ಕರಗಿಸಿಬಿಡುತ್ತಿದ್ದರು. ಇವರು ವಿಕ್ಟರಿನ ಎಂಜಿನಿಯರುಗಳನ್ನು ಅಲ್ಲಿಯೇ ಬಿಟ್ಟು, ತಮ್ಮ ಪ್ರಾಂತದವರೇ ಆದ ಕಿಚಿಸಬುರೊ ನೊಮುರಾ ಎಂಬ ವೃದ್ಧ ನೌಕಾಧಿಪತಿಯನ್ನು ಅಧ್ಯಕ್ಷರನ್ನಾಗಿ ತಂದರು. 1941ರಲ್ಲಿ ಯುದ್ಧ ಸಿಡಿದಾಗ ಅಮೆರಿಕದಲ್ಲಿ ಜಪಾನಿನ ರಾಯಭಾರಿಯಾಗಿದ್ದವರು ಈ ನೊಮುರಾ. ನ್ಯಾಷನಲ್ ರೇಡಿಯೋ, ಟೆಲಿವಿಷನ್‌ಗಳಿಗೆ ವಿಕ್ಟರ್ ಎದುರಾಳಿಯಾಗಿಯೇ ಪೇಟೆಯಲ್ಲಿ ನಿಂತಿತು. ಒಂದೇ ಯಜಮಾನನ ಎರಡು ಎತ್ತುಗಳು ಓಟಕ್ಕಿಳಿದಂತೆ. ಫಲ ಸಿಕ್ಕಿತು. 1976ರಲ್ಲಿ ವಿ.ಎಚ್.ಎಸ್. ವಿಡಿಯೋ ಕ್ಯಾಸೆಟ್ ಪದ್ಧತಿಯನ್ನು ಲೋಕಕ್ಕೆ ತಂದವರು ಇದೇ ವಿಕ್ಟರಿನ ಎಂಜಿನಿಯರುಗಳು. ಸೋನಿ ಕಂಪೆನಿಯ ಬೀಟಾಮ್ಯಾಕ್ಸಿಗೂ ಇದಕ್ಕೂ ಹಣಾಹಣಿ ನಡೆದಾಗ ಮತ್ಸುಶಿತರು ವಿ.ಎಚ್.ಎಸ್.ನ ಕಡೆ ನಿಂತರು. ಕಡೆಗೆ ಗೆದ್ದುದು ಅದೇ.

1961ರಲ್ಲಿ ಅವರು ಅಧ್ಯಕ್ಷ ಪದವಿಯನ್ನು ಅಳಿಯನಿಗೆ ಬಿಟ್ಟು ಮಂಡಳಿಯ ಸಭಾಪತಿಯಾದರು. ಆದರೆ 1964ರಲ್ಲಿ ಊರೂರಿನ ಮಾರಾಟಗಾರರು ನಷ್ಟದಲ್ಲಿ ಮುಳುಗಿದಾಗ ಎಲ್ಲರನ್ನೂ ಅತಾಮಿ ಎಂಬಲ್ಲಿ ಕೂಡಿಸಿದರು. ದಿನಗಟ್ಟಲೆ ದೂರು ಕೇಳಿದರು. ಮೊದಮೊದಲು ವಾದಿಸಿದರು, ಕೊನೆಯಲ್ಲಿ ತಪ್ಪು ಸಂಸ್ಥೆಯದೇ ಎಂದು ಒಪ್ಪಿ ಕಣ್ಣೀರು ಸುರಿಸಿದರು. 69 ವರ್ಷದ ಮುದುಕ ಮರಳಿ ಬಂದು ಮಾರಾಟ ಶಾಖೆಯ ಮುಖ್ಯಸ್ಥನ ಕುರ್ಚಿಯಲ್ಲಿ ಕುಳಿತು ಸರಿಪಡಿಸಿದರು. ಮರುವರ್ಷ ತಮ್ಮ ಕಾರ್ಖಾನೆಗಳಲ್ಲಿ ವಾರಕ್ಕೆ ಐದೇ ದಿನದ ಕೆಲಸವನ್ನು ಜಾರಿಗೆ ತಂದರು.

‘ಟೆಕ್ನಿಕ್ಸ್’ ಹುಟ್ಟಿದುದು ಆ 1965ರಲ್ಲಿ, ಒಂದು ಧ್ವನಿವರ್ಧಕ ಪೆಟ್ಟಿಗೆಯ ಹೆಸರಾಗಿ. ಅದರ ಯಂತ್ರಗಳನ್ನು ಮತ್ಸುಶಿತರು ಸ್ವತಃ ರೂಪಿಸಲಿಲ್ಲ. ಅವರು ಕಟ್ಟಿದ ಮನೆಯಲ್ಲಿ ಬೆಳೆದವರು ರೂಪಿಸಿದರು. ಅವರಲ್ಲಿ ಶುಇಚಿ ಒಬಾತ ಎಂಬ ಎಂಜಿನಿಯರರ ಕೆಲಸ ತಿಳಿಯತಕ್ಕದ್ದು. ಗ್ರಾಮಫೋನ್ ತಟ್ಟೆ ನಿಮಿಷಕ್ಕೆ ಮೂವತ್ತಮೂರೂ ಮೂರನೆಯೊಂದರಷ್ಟು, ಎಂದರೆ ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಸುತ್ತಬೇಕು. ವೇಗ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ರಾಗ ನಡುಗುತ್ತದೆ. ಅದುವರೆಗೆ ವೇಗವಾಗಿ ತಿರುಗುವ ಮೋಟಾರಿನಿಂದ ರಬ್ಬರಿನ ಪಟ್ಟಿ ಅಥವಾ ಚಕ್ರದ ಮೂಲಕ ತಟ್ಟೆಯನ್ನು ತಿರುಗಿಸುತ್ತಿದ್ದರು. ರಬ್ಬರು ಸವೆಯುತ್ತದೆ, ಸಡಿಲವಾಗುತ್ತದೆ. ಮೋಟಾರಿನ ನಡುಕವೂ ಸೂಜಿಗೆ ಮುಟ್ಟುತ್ತದೆ. ಒಬಾತ ನಿಧಾನವಾಗಿ ತಿರುಗುವ ಮೋಟಾರನ್ನೇ ಮಾಡಿ ಅದರ ಅಚ್ಚಿನ ಮೇಲೆಯೇ ತಟ್ಟೆಯನ್ನು ಕೂರಿಸಿದರು. ನಡುವೆ ರಬ್ಬರೇ ಇಲ್ಲ! 1970ರಲ್ಲಿ ಬಂದ ‘ಎಸ್.ಪಿ. 10’ ಈ ರೀತಿಯ ಮೊದಲ ಯಂತ್ರ. 1972ರಲ್ಲಿ ಮನೆಬಳಕೆಗೆಂದು ‘ಎಸ್.ಎಲ್. 1200’ ಬಂದಿತು. ನ್ಯೂಯಾರ್ಕಿನ ಯುವಕರು ಅದನ್ನು ಕುಣಿತದ ಕೂಟಗಳಿಗೊಯ್ದು ತಟ್ಟೆಯನ್ನು ಕೈಯಿಂದ ಹಿಂದಕ್ಕೆ ಮುಂದಕ್ಕೆ ತಳ್ಳಿ ಹೊಸ ಬಗೆಯ ಸಂಗೀತವನ್ನೇ ಮಾಡಿದರು. ಮಾಡಿದವರು ಎಣಿಸಿರದ ಆ ಹಿಂಸೆಯನ್ನೆಲ್ಲ ಯಂತ್ರ ತಾಳಿಕೊಂಡಿತು. ಒಟ್ಟು ಸುಮಾರು 35 ಲಕ್ಷ ಯಂತ್ರಗಳು ಮಾರಾಟವಾದವು.

1973ರಲ್ಲಿ ಮತ್ಸುಶಿತರು ಸಭಾಪತಿ ಸ್ಥಾನವನ್ನೂ ಬಿಟ್ಟರು. ರಾಷ್ಟ್ರದ ಮುಂದಾಳುಗಳನ್ನು ತರಬೇತು ಮಾಡಲು 1979ರಲ್ಲಿ ಒಂದು ವಿದ್ಯಾಸಂಸ್ಥೆ ಸ್ಥಾಪಿಸಿದರು. ನಾಲ್ಕನೆಯ ತರಗತಿ ಮುಗಿಸದವರು ಪದವೀಧರರಿಗೆ ಶಾಲೆ ಕಟ್ಟಿದುದು ಸೋಜಿಗವಲ್ಲವೇ? 1989ರ ಏಪ್ರಿಲ್ 27ರಂದು, 94ನೆಯ ವಯಸ್ಸಿನಲ್ಲಿ, ನಿಧನ ಹೊಂದಿದರು.

ಅವರ ತರುವಾಯ ಹೆಸರುಗಳ ಗತಿಯೇನಾಯಿತು? 2008ರಲ್ಲಿ ಸಂಸ್ಥೆ ‘ಮತ್ಸುಶಿತ’ ಎಂಬ ತನ್ನ ಹೆಸರನ್ನೇ ತೆಗೆದು ‘ಪ್ಯಾನಸೋನಿಕ್’ ಎಂದಾಯಿತು. ನಿಘಂಟಿನಿಂದ ಆಯ್ದ ‘ನ್ಯಾಷನಲ್’ ಕೂಡ ಮರೆಯಾಯಿತು. ಅದೇ ವರ್ಷ ವಿಕ್ಟರ್ ಕಂಪೆನಿ ಕೆನ್‌ವುಡ್ ಎಂಬ ಇನ್ನೊಂದರೊಡನೆ ಕೂಡಿಕೊಂಡಿತು. ತಟ್ಟೆಗಳ ಕಾಲ ಮುಗಿಯಿತು, ಬಿಡಿಭಾಗಗಳೂ ಸಿಗುತ್ತಿಲ್ಲವೆಂದು 2010ರಲ್ಲಿ ಎಸ್.ಎಲ್. 1200ರ ತಯಾರಿಕೆ ನಿಲ್ಲಿಸಿದರು.

ಸಂಗೀತಯಂತ್ರಗಳ ಹಳೆಯ ಹೆಸರುಗಳು ಮರಳಿ ಬರುವುದು ಹೊಸದೇನಲ್ಲ. ಸಾನ್ಸುಯಿ ಎಂಬುದು ಜಪಾನಿನಲ್ಲಿ ಶ್ರೇಷ್ಠ ಆಂಪ್ಲಿಫಯರುಗಳ ಹೆಸರಾಗಿತ್ತು. ನಮ್ಮ ದೇಶದಲ್ಲಿ ಬೇರೆಯವರು ತಯಾರಿಸಿದ ಟಿ.ವಿ.ಗಳ ಮೇಲೆ ಅದನ್ನು ಅಂಟಿಸಿ ಮಾರಿದುದನ್ನು ಹೆತ್ತವರು ಬಲ್ಲರು. ಅಕಾಯ್ ಎಂಬ ಹೆಸರಿನ ಗತಿಯೂ ಹಾಗೆಯೇ. ಇಂಥ ಕಡೆ ಹೆಸರು ಮಾತ್ರ ಬರುತ್ತದೆ, ಆ ಕೈಗಳು ಬರುವುದಿಲ್ಲ. ಯಕ್ಷಗಾನದಲ್ಲಿ ಪ್ರಸಿದ್ಧ ಕಲಾವಿದರ ಕಿರೀಟವನ್ನು ಯಾರೋ ಕಟ್ಟಿಕೊಂಡು ರಂಗಕ್ಕೆ ಬಂದಂತೆ ಎಂದು ನಮಗೆ ಅನಿಸುವುದುಂಟು. ಟೆಕ್ನಿಕ್ಸ್ ಮರಳಿದುದು ಈ ಬಗೆಯಲ್ಲಲ್ಲ. 2014ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಆ ಹೆಸರನ್ನು ಮತ್ತೆ ಎತ್ತಿದುದು ಅದೇ ಮನೆ. ಮುಂದಾಳಾಗಿ ನಿಂತವರು ಮಿಚಿಕೊ ಒಗಾವಾ. 1986ರಲ್ಲಿ, ಮತ್ಸುಶಿತರು ಬದುಕಿದ್ದಾಗಲೇ, ಆ ಸಂಸ್ಥೆಗೆ ಧ್ವನಿತಂತ್ರಜ್ಞೆಯಾಗಿ ಸೇರಿದವರು, ಜಾಸ್ ಸಂಗೀತದ ಪಿಯಾನೋ ವಾದಕಿ ಕೂಡ.

ಆದರೂ ಸುಲಭವಾಗಲಿಲ್ಲ. ಎಸ್.ಎಲ್. 1200ನ್ನು ಮತ್ತೆ ಮಾಡಲು ಹೊರಟಾಗ ಹಳೆಯ ಅಚ್ಚುಗಳು ಸವೆದಿದ್ದವು, ಕಳೆದಿದ್ದವು. ಹಾಗಾಗಿ ಮೋಟಾರಿನಿಂದ ಹಿಡಿದು ಸೂಜಿಯ ತೋಳಿನವರೆಗೆ ಹೆಚ್ಚುಕಡಿಮೆ ಎಲ್ಲವನ್ನೂ ಹೊಸದಾಗಿ ರೂಪಿಸಬೇಕಾಯಿತು. ನಿಂತುಹೋಗಿ ಐದಾರು ವರ್ಷವಷ್ಟೇ ಆಗಿತ್ತು! ರೋಗಶಯ್ಯೆಯಲ್ಲಿದ್ದ ಮತ್ಸುಶಿತರು 1929ರಲ್ಲಿ ಹಾಕಿದ ಲೆಕ್ಕ ಎಷ್ಟು ನಿಜವಾಗಿತ್ತೆಂಬುದನ್ನು ಇಲ್ಲಿ ಕಾಣುತ್ತೇವೆ. 2016ರಲ್ಲಿ ಯಂತ್ರ ಹೊರಬಂದಿತು. ಮೊದಲಿಗೆ ಲೋಕಕ್ಕೆಲ್ಲ 1,200 ವಿಶೇಷ ಯಂತ್ರಗಳು. ಬೆಲೆ 3,30,000 ಯೆನ್, ಅಂದಿನ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಲಕ್ಷ ರೂಪಾಯಿ. ಜಪಾನಿಗೆ ಮೀಸಲಾದ 300 ಯಂತ್ರಗಳು ಅರ್ಧ ಗಂಟೆಯಲ್ಲಿ ಮುಗಿದುಹೋದವು.

ಹಳೆಯ ಅಭಿಮಾನಿಗಳಲ್ಲಿ ಅನೇಕರು ಆ ಬೆಲೆ ಕೇಳಿ ಗೊಣಗಿದರು. ನಲ್ಲಿನೀರಿನ ಕನಸು ಕಂಡವರ ಮನೆಯಿಂದ ಎರಡು ಲಕ್ಷದ ಗ್ರಾಮಫೋನು! ನಮಗೂ ಇದು ಒಪ್ಪಿಗೆಯಾಗಲಿಲ್ಲ. ಆದರೆ ಸುಟ್ಟ ಬಲ್ಬಿನ ತೊಟ್ಟುಗಳಿಂದ ಪ್ಲಗ್ಗು ಮಾಡಿ ಶೇಕಡಾ 30 ಇಳಿಸಿದ ಆ ಹಳೆಯ ಚಾಳಿ ಪೂರ್ತಿ ಹೋಗಿರಲಿಲ್ಲವೆಂದು ತೋರುತ್ತದೆ. 2019ರಲ್ಲಿ ಅದೇ ಮಾದರಿಯ ಏಳನೆಯ ಆವೃತ್ತಿ, ದುಬಾರಿ ಯಂತ್ರಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ, ಪೇಟೆಗೆ ಬಂದಿತು. ನಡುವೆ ರಬ್ಬರಿಲ್ಲದ ಒಬಾತರ ಏರ್ಪಾಡು ಅದರಲ್ಲಿಯೂ ಇದೆ.